ವಿಳಾಸ ತಪ್ಪಿದ ಪ್ರಿಂಟರು

ಮೊನ್ನೆ ವಿದ್ಯುತ್ತು ಹೋಗಿ ಬಂದ ಬಳಿಕ ನಮ್ಮ ಮನೆಯ ವೈಫೈ ಪ್ರಿಂಟರು ಮೌನವ್ರತ ಹಿಡಿಯಿತು. ಮಗಳ ಪರೀಕ್ಷೆಯ ಪ್ರವೇಶಪತ್ರವೋ ಮರುದಿನ ಬೆಳಗ್ಗೆಯೇ ಬೇಕಾಗಿದ್ದಿತು. ಯಂತ್ರವು ಕೆಟ್ಟಿತೆಂದೇ ಬಗೆದು ಹೊಸದನ್ನು ಕೊಳ್ಳಹೊರಟಿದ್ದೆವು. ವಿಚಾರಿಸಲಾಗಿ, ದೋಷವು ಯಂತ್ರದ್ದಲ್ಲ, ವಿಳಾಸದ್ದು. ರೂಟರು ಪುನಃ ಹೊತ್ತಿಕೊಂಡಾಗ ಪ್ರಿಂಟರಿಗೆ ಬೇರೊಂದು ಅಂಕೆಯ ವಿಳಾಸವನ್ನು ಕೊಟ್ಟಿದ್ದಿತು; ಕಂಪ್ಯೂಟರಾದರೋ, ಮನೆ ಬದಲಿಸಿದವರನ್ನು ಹಳೆಯ ಬೀದಿಯಲ್ಲಿ ಹುಡುಕುವಂತೆ, ಹಿಂದಿನ ವಿಳಾಸದಲ್ಲಿಯೇ ಹುಡುಕುತ್ತಲಿದ್ದಿತು. ಕಂಪ್ಯೂಟರಿನ ಪಟ್ಟಿಯಿಂದ ಪ್ರಿಂಟರನ್ನು ತೆಗೆದು ಹೊಸದಾಗಿ ಸೇರಿಸಲು, ಪ್ರವೇಶಪತ್ರವು ಅಚ್ಚಾಗಿ ಹೊರಬಂದಿತು. ರೂಟರಿನಲ್ಲಿ ಒಂದು ವಿಳಾಸವನ್ನು ಪ್ರಿಂಟರಿಗೆಂದೇ ಕಾಯ್ದಿರಿಸಿದಲ್ಲಿ ಈ ತೊಡಕು ಮರುಕಳಿಸದು. ಬ್ಲೂಟೂತ್ ಕೀಲಿಮಣೆಯು ಮುನಿದಾಗಲೂ, ಹಳೆಯ ಜೋಡಣೆಯನ್ನು ಅಳಿಸಿ ಮತ್ತೆ ಜೋಡಿಸಿ ನೋಡತಕ್ಕದ್ದು. ಹೊಸದಕ್ಕೆ ಹಣ ತೆರುವ ಮುನ್ನ ಇಷ್ಟನ್ನು ಪರೀಕ್ಷಿಸಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.