ಕಾರು ಇಳಿಸುವ ಮೊದಲು ಲೆಕ್ಕ ಹಾಕಿ

ಈಗ ಯಾವ ಎಂಜಿನಿಯರಿಂಗ್ ಕಾಲೇಜಿನ ಪಾರ್ಕಿಂಗ್‌ಗೆ ಹೋದರೂ ನೆಲಕ್ಕೆ ಅಂಟಿಕೊಂಡಂತೆ ನಿಂತ ಒಂದೆರಡು ಕಾರುಗಳು ಕಣ್ಣಿಗೆ ಬೀಳುತ್ತವೆ. ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವಷ್ಟು ದುಡ್ಡು ನಮ್ಮ ವಯಸ್ಸಿನವರಲ್ಲಿ ಎಲ್ಲಿಂದ ಬರಬೇಕು? ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿಯೇ ನಮ್ಮ ಪಾಲಿನ ಸ್ಪೋರ್ಟ್ಸ್ ಕಾರು. ಅದಕ್ಕೆ ಕಾಯಿಲ್‌ಓವರ್ ಹಾಕಿಸಿ, ಚಕ್ರಕ್ಕೂ ಫೆಂಡರ್‌ಗೂ ನಡುವೆ ಎರಡು ಬೆರಳೂ ತೂರದಂತೆ ಇಳಿಸಿ, ರೀಲ್ಸ್ ಮಾಡಿದರೆ ಲೈಕ್‌ಗಳ ಸುರಿಮಳೆ. ಸುತ್ತ ನಿಂತ ಗೆಳೆಯರ ಸಲಹೆಯೂ ಒಂದೇ: ‘ಮಗಾ, ಇನ್ನೊಂದು ಇಂಚು ಇಳಿಸು, ಸೂಪರ್ ಆಗಿರುತ್ತೆ.’

ಈ ಸಲಹೆಗೆ ನನ್ನ ತಕರಾರಿದೆ. ಕಾರನ್ನು ಪ್ರೀತಿಸುವುದು ತಪ್ಪಲ್ಲ, ಅದನ್ನು ಉತ್ತಮಗೊಳಿಸುವುದೂ ತಪ್ಪಲ್ಲ. ಆದರೆ ಕಾಯಿಲ್‌ಓವರ್ ಆರಿಸುವಾಗ ‘ಎಷ್ಟು ಇಳಿಯುತ್ತೆ?’ ಎಂದು ಕೇಳುವ ನಾವು, ‘ಇಳಿದ ಮೇಲೆ ಚಕ್ರ ಮೇಲೆ ಕೆಳಗೆ ಆಡಲು ಎಷ್ಟು ಜಾಗ ಉಳಿಯುತ್ತೆ?’ ಎಂದು ಕೇಳುವುದೇ ಇಲ್ಲ. ಕಾರು ರಸ್ತೆ ಹಿಡಿಯುತ್ತದೋ ಬಿಡುತ್ತದೋ ಎಂಬುದು ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ಕಾಯಿಲ್‌ಓವರ್ ಎಂದರೆ ಶಾಕ್ ಅಬ್ಸಾರ್ಬರ್‌ನ ಸುತ್ತ ಸ್ಪ್ರಿಂಗ್ ಕೂರಿಸಿದ ಜೋಡಣೆ. ಪೋಲೊದ ಮುಂಭಾಗದ ಮ್ಯಾಕ್‌ಫರ್ಸನ್ ಸ್ಟ್ರಟ್ ಕಂಪನಿಯಿಂದ ಬರುವಾಗಲೇ ಹೀಗಿರುತ್ತದೆ. ಹೊರಗಿನಿಂದ ತಂದು ಹಾಕುವ ಕಿಟ್‌ನಲ್ಲಿ ಮೈಮೇಲೆ ಥ್ರೆಡ್ ಇರುತ್ತದೆ, ರಿಂಗ್ ತಿರುಗಿಸಿ ಎತ್ತರ ಬದಲಿಸಬಹುದು. ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಅಂದರೆ ನಾವು ‘ಕಾಯಿಲ್‌ಓವರ್ ಕಿಟ್’ ಎಂದು ಕೊಳ್ಳುವುದರಲ್ಲಿ ಹಿಂದಿನ ಅರ್ಧ ಕಾಯಿಲ್‌ಓವರೇ ಅಲ್ಲ! ಹೆಸರಿಗೆ ಮರುಳಾಗದೆ ಒಳಗೇನಿದೆ ಎಂದು ನೋಡಬೇಕು ಎನ್ನುವುದು ಇದಕ್ಕೇ.

ಒಂದು ಸುಲಭ ಲೆಕ್ಕ ನೋಡಿ. ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಮೇಲೆ 300 ಕೆ.ಜಿ. ಭಾರ ಕೂತಿದೆ, ಆ ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಲು 2.5 ಕೆ.ಜಿ. ಭಾರ ಬೇಕು ಎಂದುಕೊಳ್ಳೋಣ. ವೈಬ್ರೇಷನ್ ಪಾಠದ ಮೊದಲ ಸೂತ್ರಕ್ಕೆ ಹಾಕಿದರೆ ಕಾರಿನ ಸಹಜ ಕಂಪನ ಸೆಕೆಂಡಿಗೆ ಸುಮಾರು 1.4 ಬಾರಿ. ರಸ್ತೆಯಲ್ಲಿ ಓಡುವ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ಆಸುಪಾಸಿನಲ್ಲೇ ಇರುತ್ತವೆ. ಈಗ ‘8ಕೆ’ ಎಂದು ಬರೆದ ಸ್ಪ್ರಿಂಗ್ ಹಾಕಿ. ಒಂದು ಮಿಲಿಮೀಟರ್‌ಗೆ 8 ಕೆ.ಜಿ. ಬೇಕು ಎಂಬುದು ಅದರ ಅರ್ಥ. ಕಂಪನ 2.5 ದಾಟುತ್ತದೆ. ಇದು ರೇಸ್ ಟ್ರ್ಯಾಕ್‌ನ ಕಾರಿಗೆ ಹೊಂದುವ ಸಂಖ್ಯೆ. ಟ್ರ್ಯಾಕ್ ನುಣುಪಾಗಿರುತ್ತದೆ. ನಮ್ಮ ರಸ್ತೆ?

ಗಟ್ಟಿ ಸ್ಪ್ರಿಂಗ್ ಹಾಕಿದರೆ ಸೊಂಟ ನೋಯುತ್ತದೆ ಅಷ್ಟೇ ಎಂದು ಹಲವರು ತಿಳಿದಿದ್ದಾರೆ. ಸೊಂಟದ ಮಾತು ಬಿಡಿ. ಕಿತ್ತುಹೋದ ಡಾಂಬರಿನ ಮೇಲೆ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಚಕ್ರ ಗುಂಡಿಯೊಳಗೆ ಇಳಿದು, ಉಬ್ಬಿನ ಮೇಲೆ ಏರಿ ನೆಲವನ್ನು ಹಿಂಬಾಲಿಸಬೇಕು. ಸ್ಪ್ರಿಂಗ್ ಅತಿ ಗಟ್ಟಿಯಾಗಿದ್ದರೆ ಅಥವಾ ಕುಗ್ಗಲು ಜಾಗವೇ ಇಲ್ಲದೆ ಬಂಪ್ ಸ್ಟಾಪ್ ಎಂಬ ರಬ್ಬರ್ ತುಂಡಿಗೆ ಬಡಿಯುತ್ತಿದ್ದರೆ ಚಕ್ರ ಪುಟಿಯುತ್ತದೆ. ಗಾಳಿಯಲ್ಲಿರುವ ಟೈರ್ ಬ್ರೇಕನ್ನೂ ಹಿಡಿಯುವುದಿಲ್ಲ, ಸ್ಟೀರಿಂಗ್ ಮಾತನ್ನೂ ಕೇಳುವುದಿಲ್ಲ. ಆಗ ಅಪಾಯ ಕಾರಿನಲ್ಲಿ ಕೂತವರಿಗಷ್ಟೇ ಅಲ್ಲ, ರಸ್ತೆ ಬದಿಯಲ್ಲಿ ನಡೆದು ಹೋಗುವವರಿಗೂ ಇರುತ್ತದೆ.

ಇನ್ನೊಂದು ತಪ್ಪು ನಂಬಿಕೆ, ತಗ್ಗಿಸಿದಷ್ಟೂ ಕಾರು ತಿರುವಿನಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂಬುದು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ತೀರಾ ಇಳಿಸಿದರೆ ಕೆಳಗಿನ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್, ಕಾರಿನ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗೆ ಜಾರುತ್ತದೆ. ಎರಡರ ನಡುವಿನ ಅಂತರ ಹೆಚ್ಚಿ, ಅದೇ ಸ್ಪ್ರಿಂಗ್‌ನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಲೂಬಹುದು. ಅದನ್ನು ತಡೆಯಲು ಇನ್ನಷ್ಟು ಗಟ್ಟಿ ಸ್ಪ್ರಿಂಗ್, ಅದರಿಂದ ಇನ್ನಷ್ಟು ಪುಟಿತ. ಇದಕ್ಕೆ ಕೊನೆ ಎಲ್ಲಿ?

ಇನ್ನು ನಮ್ಮ ಹಂಪ್‌ಗಳ ವಿಚಾರ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಪೋಲೊದ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಸುಮಾರು 2.47 ಮೀಟರ್. ಲೆಕ್ಕ ಹಾಕಿದರೆ ಇಂಥ ಹಂಪ್‌ನ ನೆತ್ತಿ ಎರಡು ಚಕ್ರಗಳ ನಡುವೆ ಬಂದಾಗ ಕಾರಿನ ಹೊಟ್ಟೆಯ ಕಡೆಗೆ ಏಳುವುದು 4.5 ಸೆಂ.ಮೀ. ಮಾತ್ರ. ಸುಮಾರು 16.5 ಸೆಂ.ಮೀ. ಗ್ರೌಂಡ್ ಕ್ಲಿಯರೆನ್ಸ್ ಇರುವ ಕಾರನ್ನು 4 ಸೆಂ.ಮೀ. ಇಳಿಸಿದರೂ ನಿಧಾನವಾಗಿ ದಾಟಬಹುದು. ಆದರೆ ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪ್‌ಗಳು ಮಾನದಂಡ ನೋಡಿ ಹುಟ್ಟಿದವಲ್ಲ. ಒಂದು ಅಡಿ ಅಗಲ, ಅರ್ಧ ಅಡಿ ಎತ್ತರದ ದಿಣ್ಣೆ ಎರಡು ಚಕ್ರಗಳ ನಡುವೆ ಬಂದರೆ ಪೂರ್ತಿ 15 ಸೆಂ.ಮೀ. ಎದ್ದು ಬರುತ್ತದೆ. ಇಳಿಸಿದ ಕಾರಿನ ಹೊಟ್ಟೆ ಉಜ್ಜುವುದು ಖಚಿತ. ಹಂಪ್ ಸರಿಪಡಿಸಬೇಕು ಎಂದು ಒತ್ತಾಯಿಸೋಣ. ಆದರೆ ಸಸ್ಪೆನ್ಷನ್ ಆರಿಸುವಾಗ ಇರುವ ರಸ್ತೆಗೆ ತಕ್ಕಂತೆ ಆರಿಸಬೇಕು, ಇರಬೇಕಾದ ರಸ್ತೆಗಲ್ಲ.

ಹಾಗಾದರೆ ಆಯ್ಕೆ ಹೇಗೆ? ಮೊದಲು ಒಳ್ಳೆಯ ಟೈರ್ ಹಾಕಿಸಿ, ಸವೆದ ಬುಷ್‌ಗಳನ್ನು ಬದಲಿಸಿ. ಎಷ್ಟೋ ಕಾರುಗಳ ‘ಹ್ಯಾಂಡ್ಲಿಂಗ್ ಸಮಸ್ಯೆ’ ಅಲ್ಲೇ ಮುಗಿಯುತ್ತದೆ. ಆಮೇಲೂ ಬೇಕೆನಿಸಿದರೆ, ಸ್ಪ್ರಿಂಗ್‌ಗಿಂತ ಶಾಕ್ ಅಬ್ಸಾರ್ಬರ್‌ನ ಗುಣಮಟ್ಟಕ್ಕೆ ಹಣ ಕೊಡಿ. ಸ್ಪ್ರಿಂಗ್ ಮೂರು ಪಟ್ಟು ಗಟ್ಟಿಯಾದರೆ ಅದರ ಕುಣಿತವನ್ನು ಅಷ್ಟೇ ಚೆನ್ನಾಗಿ ಅಡಗಿಸಲು ಡ್ಯಾಂಪಿಂಗ್ ಸುಮಾರು 1.7 ಪಟ್ಟು ಹೆಚ್ಚಬೇಕು. ಹಳೆಯ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡು ಸ್ಪ್ರಿಂಗ್ ಕಟ್ ಮಾಡಿಸುವವರು ಈ ಲೆಕ್ಕವನ್ನೇ ಮರೆಯುತ್ತಾರೆ. ಕಂಪನಿ ಸ್ಪ್ರಿಂಗ್‌ಗಿಂತ ತುಸು ಗಟ್ಟಿ ಸಾಕು, ಎರಡು ಸೆಂ.ಮೀ. ಇಳಿದರೆ ಸಾಕು. ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಬದಲಿಸುವ ಕಿಟ್ ಆದರೆ ಇಳಿಸಿದಾಗ ಶಾಕ್ ಅಬ್ಸಾರ್ಬರ್‌ನ ಒಳಗಿನ ಚಲನೆ ಕಡಿಮೆಯಾಗುವುದಿಲ್ಲ. ಬರೀ ಸ್ಪ್ರಿಂಗ್ ಕೂರುವ ರಿಂಗ್ ಇಳಿಸುವ ಕಿಟ್‌ನಲ್ಲಿ ಇಳಿಸಿದಷ್ಟೂ ಆ ಚಲನೆ ಕಳೆದುಹೋಗುತ್ತದೆ. ಹಾಕಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಹೆಡ್‌ಲೈಟ್‌ನ ಕೋನವನ್ನೂ ಸರಿಮಾಡಿಸಿ. ಮುಖ್ಯವಾಗಿ, ರಿಪೇರಿಗೆ ಬಿಡಿಭಾಗ ಇಲ್ಲೇ ಸಿಗುತ್ತದೆಯೇ ಎಂದು ಕೇಳಿ. ನನ್ನ ಪರಿಚಯದ ಸೀನಿಯರ್ ಒಬ್ಬರು ಮೊದಲ ಕೆಲಸದ ಸಂಬಳದಲ್ಲಿ ಇಎಂಐ ಕಟ್ಟಿ ಕಿಟ್ ಹಾಕಿಸಿದರು. ಆರೇ ತಿಂಗಳಲ್ಲಿ ಎಣ್ಣೆ ಸೋರಿತು. ಸೀಲ್ ಎಲ್ಲೂ ಸಿಗಲಿಲ್ಲ, ಇಎಂಐ ಮಾತ್ರ ನಿಲ್ಲಲಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ಆದ್ದರಿಂದ ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ಮತ್ತು ವಿಮಾ ಕಂಪನಿಯಲ್ಲಿ ವಿಚಾರಿಸುವುದು ಕ್ಷೇಮ. ಆದರೆ ಬರೀ ನಿಷೇಧದಿಂದ ಈ ಹುಚ್ಚು ನಿಲ್ಲುವುದಿಲ್ಲ, ಕದ್ದುಮುಚ್ಚಿ ನಡೆಯುತ್ತದೆ. ಕದ್ದು ಮಾಡುವ ಕೆಲಸದಲ್ಲಿ ಗುಣಮಟ್ಟವನ್ನು ಯಾರು ಕೇಳುತ್ತಾರೆ? ಜರ್ಮನಿಯಲ್ಲಿ ಇಂಥ ಕಿಟ್‌ಗಳಿಗೆ ಟಿಯುವಿ ಪರೀಕ್ಷೆಯ ಪತ್ರವಿರುತ್ತದೆ. ಯಾವ ಕಾರಿಗೆ ಹೊಂದುತ್ತದೆ, ಎಷ್ಟರವರೆಗೆ ಇಳಿಸಬಹುದು ಎಂಬುದು ಅದರಲ್ಲೇ ಇರುತ್ತದೆ. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ನಮ್ಮಲ್ಲೂ ಇದೆ. ಪರೀಕ್ಷೆಯಲ್ಲಿ ಪಾಸಾದ ಬಿಡಿಭಾಗಗಳ ಪಟ್ಟಿ ಮಾಡಿ, ಅವನ್ನು ಹಾಕಿಸಿದವರಿಗೆ ಆರ್‌ಟಿಒದಲ್ಲಿ ನೋಂದಾಯಿಸಲು ಸರಳ ದಾರಿ ಕೊಟ್ಟರೆ ಕಳಪೆ ಮಾಲು ತಾನಾಗಿ ಹಿಂದೆ ಸರಿಯುತ್ತದೆ.

ಅಲ್ಲಿಯವರೆಗೆ ವಿವೇಕ ನಮ್ಮ ಕೈಯಲ್ಲೇ ಇದೆ. ಪಾರ್ಕಿಂಗ್‌ನಲ್ಲಿ ನಿಂತ ಕಾರು ಎಷ್ಟು ಚೆಂದ ಕಾಣುತ್ತದೆ ಎನ್ನುವುದಕ್ಕಿಂತ, ಮಳೆಗಾಲದ ಶಿರಾಡಿ ಘಾಟ್‌ನ ತಿರುವಿನಲ್ಲಿ ಅದರ ನಾಲ್ಕೂ ಚಕ್ರಗಳು ನೆಲದ ಮೇಲಿರುತ್ತವೆಯೇ ಎಂಬುದು ಮುಖ್ಯ. ಎಂಜಿನಿಯರ್ ಆಗಲು ಹೊರಟ ನಾವೇ ಈ ಲೆಕ್ಕ ಹಾಕದಿದ್ದರೆ ಇನ್ನು ಯಾರು ಹಾಕಬೇಕು?