ಕಬ್ಬಿಣದ ಕಲ್ಲು ಮತ್ತು ಬೆಟ್ಟದ ಬೆಲೆ

ನರೇಗಲ್ಲಿನ ಎರೆಹೊಲದಲ್ಲಿ ರಂಟೆಯ ಕುಳ, ಕುಂಟೆಯ ಕುಡ, ಸುಗ್ಗಿಯ ಕುಡಗೋಲು ಎಲ್ಲವೂ ಕಬ್ಬಿಣದವು. ಕಬ್ಬಿಣವಿಲ್ಲದ ಒಕ್ಕಲುತನವೇ ಇಲ್ಲ. ಆದರೆ ಆ ಕಬ್ಬಿಣ ಯಾವ ಬೆಟ್ಟದ್ದು, ಆ ಬೆಟ್ಟ ಹೇಗೆ ಹುಟ್ಟಿತು ಎಂದು ಕೇಳುವವರು ವಿರಳ. ಗದಗ ದಾಟಿ ದಕ್ಷಿಣಕ್ಕೆ ಹೋದರೆ ಸಿಗುವ ಕಪ್ಪತಗುಡ್ಡದ ಕಲ್ಲುಗಳಲ್ಲಿ ಅದಕ್ಕೆ ಉತ್ತರವಿದೆ.

ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಡಲಿತ್ತು. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಕಬ್ಬಿಣ ಕಡಲ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಬಿಸಿಲಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೊರಬಿಟ್ಟಂತೆ ಆ ಕಬ್ಬಿಣ ತುಕ್ಕಾಗಿ ತಳಕ್ಕಿಳಿಯಿತು ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಒಂದು ಪದರ ಕಬ್ಬಿಣ, ಮತ್ತೊಂದು ಪದರ ಸಿಲಿಕಾ. ಹೀಗೆ ಪಟ್ಟೆ ಪಟ್ಟೆಯಾದ ಶಿಲೆ ಮುಂದೆ ಭೂಚಲನೆಯಿಂದ ಮಡಿಚಿಕೊಂಡು ಮೇಲೆದ್ದಿತು. ನೀರು ಸಿಲಿಕಾವನ್ನು ತೊಳೆದೊಯ್ದ ಕಡೆಗಳಲ್ಲಿ, ಸಂಡೂರಿನಲ್ಲಿರುವಂತೆ, ಉತ್ತಮ ದರ್ಜೆಯ ಅದಿರು ಉಳಿಯಿತು.

ಅದಿರಿನ ಖನಿಜಗಳಲ್ಲಿ ಮುಖ್ಯವಾದವು ನಾಲ್ಕು. ಶುದ್ಧ ಮ್ಯಾಗ್ನೆಟೈಟಿನಲ್ಲಿ ಶೇ. 72, ಹೆಮಟೈಟಿನಲ್ಲಿ ಶೇ. 70, ಗೋಥೈಟಿನಲ್ಲಿ ಸುಮಾರು ಶೇ. 63, ಸಿಡರೈಟಿನಲ್ಲಿ ಶೇ. 48ರಷ್ಟು ಕಬ್ಬಿಣವಿರುತ್ತದೆ. ಗುರುತಿಸುವುದು ಕಷ್ಟವಲ್ಲ. ಮ್ಯಾಗ್ನೆಟೈಟ್ ಅಯಸ್ಕಾಂತಕ್ಕೆ ಅಂಟುತ್ತದೆ. ಒರಟು ಬಿಲ್ಲೆಯ ಮೇಲೆ ಉಜ್ಜಿದರೆ ಹೆಮಟೈಟ್ ಕೆಂಪು ಗೆರೆಯನ್ನೂ ಗೋಥೈಟ್ ಹಳದಿಗಂದು ಗೆರೆಯನ್ನೂ ಎಳೆಯುತ್ತದೆ. ಗೋಡೆಗೆ ಬಳಿಯುವ ಕೆಮ್ಮಣ್ಣಿನ ಬಣ್ಣವೂ ಹೆಮಟೈಟಿನದೇ. ಆದರೆ ಅಗೆದ ಅದಿರಿನ ಬಹುಪಾಲು ಹೋಗುವುದು ಉಕ್ಕಿನ ಕುಲುಮೆಗೆ. ಅಲ್ಲಿ ಕೋಕ್ ಮತ್ತು ಸುಣ್ಣಕಲ್ಲಿನೊಡನೆ ಕಾಯ್ದು ಕಬ್ಬಿಣವಾಗಿ, ಬಳಿಕ ಸೇತುವೆ, ರೈಲುಹಳಿ, ಪಂಪುಗಳಾಗುತ್ತದೆ.

ಕಬ್ಬಿಣ ಬೇಕೆಂಬುದರಲ್ಲಿ ವಿವಾದವಿಲ್ಲ. ಯಾವ ಬೆಟ್ಟ, ಎಷ್ಟು ಅಗೆತ, ಯಾರ ನೀರಿನ ಬೆಲೆಗೆ ಎಂಬುದು ಪ್ರಶ್ನೆ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಬಳ್ಳಾರಿಯಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಗಣಿಗಳನ್ನು ನಿಲ್ಲಿಸಬೇಕಾಯಿತು. ಅದೇ ವರ್ಷ ಗದಗ ಜಿಲ್ಲೆಯ ಹಳ್ಳಿಗುಡಿಯ ರೈತರು ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲು ಒಪ್ಪಲಿಲ್ಲ. ಯೋಜನೆ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಸ್ಥಾನಮಾನವನ್ನು ಸರ್ಕಾರ 2016ರಲ್ಲಿ ಹಿಂಪಡೆದಾಗ, ತೋಂಟದ ಸಿದ್ಧಲಿಂಗ ಸ್ವಾಮಿಗಳ ನೇತೃತ್ವದಲ್ಲಿ ಜನ ಧರಣಿ ಕುಳಿತರು. 2017ರಲ್ಲಿ ಅದು ಮರಳಿ ಸಿಕ್ಕಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು.

ಆದರೂ ಎಚ್ಚರ ತಪ್ಪುವಂತಿಲ್ಲ. ಒಮ್ಮೆ ಕೊಟ್ಟ ರಕ್ಷಣೆಯನ್ನು ಹಿಂಪಡೆಯಬಹುದೆಂಬುದನ್ನು ಈ ಗುಡ್ಡವೇ ಕಂಡಿದೆ. ಸವೆದ ಕುಳವನ್ನು ಕರಗಿಸಿ ಹೊಸ ಕುಳ ಮಾಡಬಹುದು. ಗುಜರಿ ಉಕ್ಕು ಮತ್ತೆ ಮತ್ತೆ ಉಕ್ಕಾಗುತ್ತದೆ. ಅಗೆದುಹೋದ ಬೆಟ್ಟವನ್ನು ಎರಕ ಹೊಯ್ಯುವ ಕುಲುಮೆ ಮಾತ್ರ ಎಲ್ಲಿಯೂ ಇಲ್ಲ.