ಸಕ್ಕರೆ ಕಾಯಿಲೆಗೆ ನಾಲಿಗೆಯೊಂದೇ ಕಾರಣವೇ?

ಜಯನಗರದ ಮಾಧವನ್ ಪಾರ್ಕಿನಲ್ಲಿ ಬೆಳಗಿನ ಆರು ಗಂಟೆಗೆ ನಡೆಯುವವರಲ್ಲಿ ನಾನೂ ಒಬ್ಬ. ನಿವೃತ್ತಿಯ ವರ್ಷವೇ ಮಧುಮೇಹ ಪತ್ತೆಯಾಗಿತ್ತು. ಅಲ್ಲಿ ಜತೆಯಾಗುವ ಹಿರಿಯರೆಲ್ಲರ ತೀರ್ಮಾನ ಒಂದೇ: ನಾಲಿಗೆಯನ್ನು ಹಿಡಿತದಲ್ಲಿಟ್ಟು ನಾಲ್ಕು ಹೆಜ್ಜೆ ನಡೆದರೆ ಕಾಯಿಲೆ ಹತ್ತಿರ ಸುಳಿಯದು. ನಾನೂ ಹಾಗೆಯೇ ನಂಬಿದ್ದೆ. ಕಳೆದ ವರ್ಷ ನಮ್ಮ ಮನೆಗೆಲಸದಾಕೆಗೂ ಇದೇ ಕಾಯಿಲೆ ಎಂದು ತಿಳಿದಾಗ ಆ ನಂಬಿಕೆ ಅಲುಗಾಡಿತು. ಆಕೆಗೆ ಇನ್ನೂ ನಲವತ್ತಾಗಿಲ್ಲ. ಮೈ ತೆಳ್ಳಗಿದೆ. ದಿನಕ್ಕೆ ಐದು ಮನೆಗಳಲ್ಲಿ ದುಡಿಯುವ ಅವಳಿಗೆ 'ನಡೆಯಮ್ಮಾ' ಎಂದು ಯಾವ ಬಾಯಿಂದ ಹೇಳುವುದು?

ಉತ್ತರದ ಒಂದು ಭಾಗ ಮೈಸೂರಿನಲ್ಲಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗುತ್ತಿತ್ತು. ಆ ದಾಖಲೆಗಳನ್ನು ಹಿಡಿದು ಸಂಶೋಧಕರು, ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಪರೀಕ್ಷಿಸಿದರು. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು; ತಾಯಿಯೂ ಕೃಶಳಾಗಿದ್ದರೆ ಇನ್ನೂ ಹೆಚ್ಚು. ಮಧುಮೇಹದ ಲೆಕ್ಕ ಬೇರೆ. ಅದೇ ಆಸ್ಪತ್ರೆಯ ದಾಖಲೆಗಳ ಇನ್ನೊಂದು ಅಧ್ಯಯನದಲ್ಲಿ, ಗಿಡ್ಡಗೆ ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚಾಗಿ ಕಂಡುಬಂತು. ತಾಯಿಯ ತಟ್ಟೆ ಹೇಗಿತ್ತೆಂಬುದು ಮಗುವಿನ ನಡುವಯಸ್ಸಿನಲ್ಲಿ ಪ್ರಕಟವಾಗುತ್ತದೆ ಎಂಬುದಂತೂ ಸ್ಪಷ್ಟ. ಮೇಲಾಗಿ ನೋಡಲು ತೆಳ್ಳಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಶೇಖರಿಸುವುದು ನಮ್ಮ ಜನರ ದೇಹಪ್ರಕೃತಿ.

ಇನ್ನು ಊಟದ ಮಾತು. ಹಳೆಯ ಮೈಸೂರು ಸೀಮೆಯಲ್ಲಿ ಮುದ್ದೆ ಬಡವರ ಊಟ, ಬಿಳಿ ಅನ್ನ ಅಂತಸ್ತಿನ ಗುರುತು. ಸೇವೆಯಲ್ಲಿದ್ದಾಗ ಪಡಿತರದ ಕಡತಗಳನ್ನು ನಾನೂ ನೋಡಿದವನೇ. ಎಷ್ಟು ಕ್ವಿಂಟಲ್ ಅಕ್ಕಿ ಎತ್ತುವಳಿಯಾಯಿತು ಎಂದು ವಿಚಾರಿಸುತ್ತಿದ್ದೆವೇ ಹೊರತು, ಅದರ ಜತೆಗೆ ಕಾಳು, ಸೊಪ್ಪು ಇತ್ತೇ ಎಂದು ಕೇಳಲಿಲ್ಲ. 2013ರ ಅನ್ನಭಾಗ್ಯ ಬಡವರ ಹಸಿವನ್ನು ತಗ್ಗಿಸಿದ್ದನ್ನು ಹೀಗಳೆಯಲಾಗದು. ದಕ್ಷಿಣದ ಜಿಲ್ಲೆಗಳ ಪಡಿತರಕ್ಕೆ ಇತ್ತೀಚಿನ ವರ್ಷಗಳಲ್ಲಿ ರಾಗಿ ಸೇರಿದ್ದೂ ಸರಿಯಾದ ಹೆಜ್ಜೆಯೇ. ಆದರೆ ರಾಗಿಯೊಂದೇ ಮದ್ದಲ್ಲ. ಬೇಳೆಕಾಳಿಲ್ಲದ ತಟ್ಟೆಯಲ್ಲಿ ಮುದ್ದೆಯೂ ಬರೀ ಪಿಷ್ಟವೇ.

ಮೂರನೆಯದು ಪರಿಸರ. 1948ರಲ್ಲಿ ರೂಪುಗೊಂಡ ಜಯನಗರಕ್ಕೆ ಉದ್ಯಾನಗಳೂ ಸಾಲುಮರಗಳೂ ದಕ್ಕಿದವು. ಕೆಲವೇ ಕಿಲೋಮೀಟರ್ ಆಚೆ, ಬಿಟಿಎಂ ಬಡಾವಣೆಯ ಎಷ್ಟೋ ಅಡ್ಡರಸ್ತೆಗಳಲ್ಲಿ ಪಾದಚಾರಿ ಮಾರ್ಗವನ್ನು ಬೈಕುಗಳೂ ಟ್ರಾನ್ಸ್‌ಫಾರ್ಮರ್‌ಗಳೂ ಆಕ್ರಮಿಸಿವೆ. ಅಲ್ಲಿ ವಾಯುವಿಹಾರವೆಂದರೆ ವಾಹನಗಳ ಹೊಗೆಯ ಸೇವನೆ.

ದೇಹ, ಆಹಾರ, ಪರಿಸರ ಮೂರೂ ಕೂಡಿ ತಂದ ಕಾಯಿಲೆಯನ್ನು ರೋಗಿಯ ಅಶಿಸ್ತಿನ ಖಾತೆಗೆ ಬರೆಯುವುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ತಪ್ಪು ಲೆಕ್ಕವಾಗಿ ತೋರುತ್ತದೆ. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು. ಆದರೆ ಮಧ್ಯಾಹ್ನ ಯಾರದೋ ಮನೆಯ ಪಾತ್ರೆ ತೊಳೆಯುತ್ತಿರುವ ಗರ್ಭಿಣಿ ಆ ಊಟಕ್ಕೆ ಹೋಗುವುದು ಹೇಗೆ? ದುಡಿಯುವವಳಿಗೆ ಊಟ ತಲುಪಬೇಕು, ಪಡಿತರದಲ್ಲಿ ಬೇಳೆಕಾಳು ಸೇರಬೇಕು, ನಡೆಯಲು ಜಾಗ ಸಿಗಬೇಕು. ಇದಕ್ಕೆಲ್ಲ ಸರ್ಕಾರ ಬೇಕು. ಆಕೆಗೆ ಸಂಬಳಸಹಿತ ವಾರದ ರಜೆ ಕೊಡಲು, ತಪಾಸಣೆಗೆ ಹೋಗುವ ದಿನ ಸಂಬಳ ಮುರಿಯದಿರಲು ಮಾತ್ರ ನಮಗೆ ಯಾವ ಸುತ್ತೋಲೆಯೂ ಬೇಕಿಲ್ಲ.